ಬೀಗದ ಕೈ ಕೊಟ್ಟ ಮೇಲೆ

ನಮ್ಮ ಪರಿಚಯದ ಹಿರಿಯರೊಬ್ಬರು ಬೆಂಗಳೂರಿನ ತಮ್ಮ ಮನೆಯ ಮೇಲ್ಮಹಡಿಯನ್ನು ಒಂದು ಸಣ್ಣ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಕೆಲವು ತಿಂಗಳ ಬಳಿಕ ಪ್ರತಿ ವಾರವೂ ಮೆಟ್ಟಿಲಲ್ಲಿ ಹೊಸ ಮುಖಗಳು ಕಾಣತೊಡಗಿದವು. ಕೇಳಿದರೆ 'ಸಂಬಂಧಿಕರು' ಎಂಬ ಉತ್ತರ. ಬಾಡಿಗೆದಾರ ಒಂದು ಕೋಣೆಯನ್ನು ಮೊಬೈಲ್ ಆ್ಯಪ್ ಮೂಲಕ ದಿನದ ಲೆಕ್ಕದಲ್ಲಿ ಅಪರಿಚಿತರಿಗೆ ಕೊಡುತ್ತಿದ್ದಾನೆಂದು ಕೊನೆಗೆ ತಿಳಿಯಿತು. ಹಿರಿಯರು ಸಿಟ್ಟಿನಿಂದ ಕೇಳಿದರು: "ನೀರು ನಿಲ್ಲಿಸಿ ಬೀಗ ಬದಲಿಸಿದರೆ ತಪ್ಪೇನು? ಮನೆ ನನ್ನದಲ್ಲವೇ?"

ಮನೆ ಯಾರದು? ಗೋಡೆಗಳು ಮಾಲಕನವೇ. ಆದರೆ ಅವುಗಳ ಉಪಯೋಗವನ್ನು ಆತ ನಿಗದಿತ ಅವಧಿಗೆ ಮಾರಿದ್ದಾನೆ. 'ಇಜಾರ' ಎಂದರೆ ಇದೇ. ಆದ್ದರಿಂದಲೇ ಒಳಬಾಡಿಗೆ ತನ್ನಷ್ಟಕ್ಕೆ ಪಾಪವೆಂದು ಕರ್ಮಶಾಸ್ತ್ರಜ್ಞರು ಹೇಳಲಿಲ್ಲ. ಮನೆಗೆ ಯಾವ ಸುಧಾರಣೆಯನ್ನೂ ಮಾಡದೆ ಪಡೆದ ಹೆಚ್ಚುವರಿ ಬಾಡಿಗೆ ಶುದ್ಧವಲ್ಲ, ಅದನ್ನು ದಾನ ಮಾಡಬೇಕು ಎಂಬುದು ಹನಫಿ ವಿದ್ವಾಂಸರ ನಿಲುವು. ಶಾಫಿಈಗಳು ಆ ಲಾಭಕ್ಕೆ ಅನುಮತಿ ನೀಡುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಕೂಡ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಒಳಬಾಡಿಗೆಗೆ ಅವಕಾಶ ಕೊಡುತ್ತದೆ.

ಹಾಗಾದರೆ ತಪ್ಪಿರುವುದು ಎಲ್ಲಿ? ಕೊಟ್ಟ ಮಾತಿನಲ್ಲಿ. 'ಕುಟುಂಬದ ವಾಸಕ್ಕೆ ಮಾತ್ರ' ಎಂಬ ಕರಾರಿಗೆ ಆತ ಸಹಿ ಹಾಕಿದ್ದ. ಕರಾರುಗಳನ್ನು ಪಾಲಿಸಿರಿ ಎಂಬ ಆದೇಶದಿಂದಲೇ ಸೂರಃ ಅಲ್‌ಮಾಇದಃ ಆರಂಭವಾಗುತ್ತದೆ. ವಸತಿಗೃಹಕ್ಕೂ ವಾಸದ ಮನೆಗೂ ವ್ಯತ್ಯಾಸವಿದೆ. ರಾತ್ರಿ ಬಂದು ಬೆಳಿಗ್ಗೆ ಹೋಗುವವರ ಹೊಣೆಯನ್ನು ಕೆಳಗಿನ ಮನೆಯ ಹೆಂಗಸರು, ಮಕ್ಕಳು ಯಾಕೆ ಹೊರಬೇಕು? ನೆರೆಯವರ ಹಕ್ಕು ಸಣ್ಣದಲ್ಲ. ತಾನು ಮಾಡುತ್ತಿರುವುದು ಸರಿ ಎಂದು ಆತನಿಗೆ ಅನಿಸಿದ್ದರೆ ಅತಿಥಿಗಳನ್ನು ಸಂಬಂಧಿಕರೆಂದು ಹೇಳುವ ಅಗತ್ಯವಿರಲಿಲ್ಲ. ಮುಚ್ಚಿಟ್ಟದ್ದೇ ಅವನ ಅರಿವಿಗೆ ಸಾಕ್ಷಿ.

ಆದರೆ ಬಾಡಿಗೆದಾರನ ವಂಚನೆ ಮಾಲಕನ ಅನ್ಯಾಯಕ್ಕೆ ಪರವಾನಗಿಯಲ್ಲ. ನೀರು ನಿಲ್ಲಿಸಿದರೆ ಬಾಯಾರುವುದು ತಪ್ಪು ಮಾಡದ ಮಕ್ಕಳು. ಅನ್ಯರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸುವುದನ್ನು ಸೂರಃ ಅನ್ನೂರ್, ಗೂಢಚರ್ಯೆಯನ್ನು ಸೂರಃ ಅಲ್‌ಹುಜುರಾತ್ ನಿಷೇಧಿಸಿವೆ. ಬೀಗದ ಇನ್ನೊಂದು ಕೈ ಜೇಬಿನಲ್ಲಿದೆಯೆಂಬುದು ಅನುಮತಿಯಲ್ಲ. ಮೊದಲು ಮುಖಾಮುಖಿ ಕೇಳಬೇಕು. ಬಳಿಕ ಲಿಖಿತ ನೋಟಿಸು, ತಿದ್ದಿಕೊಳ್ಳಲು ಕಾಲಾವಕಾಶ. ಅದೂ ಫಲಿಸದಿದ್ದರೆ ನ್ಯಾಯಾಲಯವಿದೆ. ಮುಂಗಡ ಹಣದಿಂದ ನಿಜವಾದ ನಷ್ಟವನ್ನಷ್ಟೇ ಮುರಿದುಕೊಳ್ಳಬಹುದು, ಸಿಟ್ಟಿನ ಬೆಲೆಯನ್ನಲ್ಲ.

ಹಿರಿಯರು ಮೇಲೆ ಹೋಗಿ ಬಾಗಿಲು ತಟ್ಟಿದರು. ಆತನ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಬಾಡಿಗೆ ತಪ್ಪಬಾರದೆಂದೇ ಕೋಣೆ ಕೊಟ್ಟಿದ್ದನಂತೆ. ತಪ್ಪು ತಪ್ಪೇ ಎಂದು ಹಿರಿಯರು ಹೇಳಿದರು. ಅತಿಥಿಗಳು ಅಂದೇ ನಿಂತರು. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಕುರ್‌ಆನಿನ ಬೋಧನೆಯನ್ನು ನೆನೆದು ಅವರು ಎರಡು ತಿಂಗಳ ಬಾಡಿಗೆಗೆ ಗಡುವು ನೀಡಿದರು.

"ಕೆಲಸ ಹೋದದ್ದನ್ನು ನನ್ನಲ್ಲಿ ಹೇಳಲು ಆತನಿಗೆ ಯಾಕೆ ಧೈರ್ಯ ಬರಲಿಲ್ಲ ಎಂಬುದೇ ಈಗ ನನ್ನನ್ನು ಕಾಡುತ್ತಿದೆ" ಎಂದು ಅವರು ಆಮೇಲೆ ಹೇಳಿದರು. ಬಾಡಿಗೆಗೆ ಮನೆ ಕೊಟ್ಟಿರುವ ನಾವೆಲ್ಲರೂ ಈ ಪ್ರಶ್ನೆಯನ್ನು ನಮ್ಮಲ್ಲೇ ಕೇಳಿಕೊಳ್ಳೋಣ.