ಹಳೆಯ ಗಣಕಯಂತ್ರವೂ ಗೃಹಸ್ಥನ ಕರ್ತವ್ಯವೂ

ಕೆಡದಿರುವ ವಸ್ತುವನ್ನು ಹಳೆಯದಾಯಿತೆಂಬ ಒಂದೇ ಕಾರಣದಿಂದ ಬಿಡುವುದು ಯುಕ್ತವೆ? ಇಟ್ಟುಕೊಂಡರೆ ಪರರಿಗೆ ಹಾನಿಯಾಗುವ ಸಂಭವವಿದ್ದಲ್ಲಿ, ಇಟ್ಟುಕೊಳ್ಳುವ ಅಧಿಕಾರವು ನಮಗುಂಟೆ? ಈ ಎರಡು ಪ್ರಶ್ನೆಗಳೂ ಈಗ ಅನೇಕ ಮನೆಗಳಲ್ಲಿ ಗಣಕಯಂತ್ರದ ರೂಪದಿಂದ ಬಂದು ನಿಂತಿವೆ. 2015ರಲ್ಲಿ ಹೊರಬಂದ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಎಲ್ಲರಿಗೂ ತಿದ್ದುಪಡಿಗಳನ್ನು ಒದಗಿಸುತ್ತಿದ್ದ ಪದ್ಧತಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯವರು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. 2021ರಲ್ಲಿ ಬಂದ ವಿಂಡೋಸ್ 11 ಅನ್ನು ಹಾಕಿಕೊಳ್ಳೋಣವೆಂದರೆ, ಅದು ಟಿ.ಪಿ.ಎಂ. 2.0 ಎಂಬ ರಕ್ಷಣಾಸಾಧನವನ್ನೂ ಸಂಸ್ಥೆಯ ಪಟ್ಟಿಯಲ್ಲಿ ಸೇರಿದ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ಆದಕಾರಣ ಸುಸ್ಥಿತಿಯಲ್ಲಿರುವ ಎಷ್ಟೋ ಯಂತ್ರಗಳು ಅನರ್ಹವೆನಿಸಿವೆ.

ಇಲ್ಲಿ ಪೂರ್ವಪಕ್ಷವು ದುರ್ಬಲವಾದುದಲ್ಲ. "ಪತ್ರ ಬರೆಯಲು, ಲೆಕ್ಕವಿಡಲು ಈ ಯಂತ್ರವೇ ಸಾಕು. ಮಾರುವವನ ಲಾಭಕ್ಕಾಗಿ ನಾನೇಕೆ ಹಣ ತೆರಬೇಕು? ಕೈಗೆ ರೂಢಿಯಾದುದನ್ನು ಬಿಟ್ಟು ಇಳಿವಯಸ್ಸಿನಲ್ಲಿ ಹೊಸದನ್ನೇಕೆ ಕಲಿಯಬೇಕು?" ಎಂದು ಗೃಹಸ್ಥನು ಕೇಳಿದರೆ ಅದನ್ನು ಜಿಪುಣತನವೆನ್ನಲಾಗದು. ಮಿತವ್ಯಯವು ಗುಣವೇ. ಅಲ್ಲದೆ, ಬಿಸುಟ ಯಂತ್ರದೊಳಗಿನ ಸೀಸ ಮೊದಲಾದ ಲೋಹಗಳು ಮಣ್ಣನ್ನೂ ನೀರನ್ನೂ ಕೆಡಿಸಬಲ್ಲವು.

ಆದರೆ ಯಂತ್ರವು ನಡೆಯುವುದು ಬೇರೆ, ರಕ್ಷಿತವಾಗಿರುವುದು ಬೇರೆ. ಪಡೆಯದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ನಮ್ಮ ಹಿರಿಯರು ವಿಭಾಗಿಸಿದರು. ಯಂತ್ರವನ್ನು ಕೊಂಡ ದಿನಕ್ಕೆ ಯೋಗವು ಮುಗಿಯಿತು. ಕ್ಷೇಮವು ಮುಗಿಯುವುದೇ ಇಲ್ಲ. ತಂತ್ರಾಂಶದಲ್ಲಿ ಅಡಗಿರುವ ದೋಷಗಳು ವರ್ಷವರ್ಷವೂ ಬಯಲಾಗುತ್ತಿರುತ್ತವೆ. ತಿದ್ದುವವರು ಕೈಬಿಟ್ಟ ಬಳಿಕ, ಕಳ್ಳರಿಗೆಲ್ಲ ಗುಟ್ಟು ತಿಳಿದ ಬೀಗವನ್ನೇ ಬಾಗಿಲಿಗೆ ಹಾಕಿ ಮಲಗಿದಂತಾಗುವುದು.

ಆಗುವ ನಷ್ಟವು ತನ್ನದೇ ಆಗಿದ್ದರೆ, ಅವನಿಷ್ಟವೆಂದು ಬಿಡಬಹುದಾಗಿತ್ತು. 2017ರ ಮೇ ತಿಂಗಳಿನಲ್ಲಿ ಹಬ್ಬಿದ ವಾನ್ನಾಕ್ರೈ ಎಂಬ ಉಪದ್ರವವನ್ನು ನೋಡಿರಿ. ಅದು ಕಡತಗಳನ್ನು ಬಂಧಿಸಿ ಬಿಡುಗಡೆಗೆ ಹಣ ಕೇಳುತ್ತಿತ್ತು. ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನಾಗಿಯೇ ದಾಟುತ್ತಿತ್ತು. ಅದಕ್ಕೆ ದಾರಿಯಾದ ದೋಷದ ತಿದ್ದುಪಡಿಯು ಮಾರ್ಚಿಯಲ್ಲಿಯೇ ದೊರೆತಿತ್ತು. ಹಾಕಿಕೊಳ್ಳದಿದ್ದ ಯಂತ್ರಗಳು ಬಹಳವಿದ್ದುವು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದುವು. ಆ ರೋಗಿಗಳು ಯಾವ ಯಂತ್ರದ ವಿಷಯದಲ್ಲಿಯೂ ಯಾವ ನಿರ್ಧಾರವನ್ನೂ ಮಾಡಿದವರಲ್ಲ.

ಆದುದರಿಂದ ಪ್ರಶ್ನೆಯ ತಿರುಳು ಹಳೆಯದು ಹೊಸದು ಎಂಬುದಲ್ಲ. ಯಂತ್ರವು ಒಂಟಿಯೋ, ಜಾಲಕ್ಕೆ ಸೇರಿದುದೋ ಎಂಬುದು. ಮನೆಯ ಬಚ್ಚಲು ಹಿತ್ತಲಿನ ಬಾಳೆಗೆ ಹರಿಯುವವರೆಗೆ ಅದು ಮನೆಯವರ ವಿಷಯ. ಊರ ಕೆರೆಗೆ ಹರಿದರೆ ಊರಿನ ವಿಷಯ. ಅಂತರ್ಜಾಲದ ಸಂಬಂಧವಿಲ್ಲದೆ ಬರವಣಿಗೆಗೆ ಮಾತ್ರ ಬಳಸುವ ಹಳೆಯ ಯಂತ್ರವನ್ನು ಮನಸ್ಸಿನಲ್ಲಿ ಅಳುಕಿಲ್ಲದೆ ಇಟ್ಟುಕೊಳ್ಳಬಹುದು. ಅದರಲ್ಲಿಯೇ ಬ್ಯಾಂಕಿನ ವ್ಯವಹಾರವನ್ನೂ ಬಂಧುಮಿತ್ರರೊಡನೆ ಪತ್ರವ್ಯವಹಾರವನ್ನೂ ನಡೆಸುವವನಿಗೆ ಆ ಸ್ವಾತಂತ್ರ್ಯವಿಲ್ಲ.

ಹಾಗೆಂದು ಯಂತ್ರವನ್ನು ಬಿಸುಡಲೇಬೇಕೆಂದಿಲ್ಲ. ಶಿಥಿಲವಾದ ದೇಗುಲವನ್ನು ನೆಲಸಮಮಾಡದೆ ಜೀರ್ಣೋದ್ಧಾರ ಮಾಡುವುದು ನಮ್ಮಲ್ಲಿ ಬಂದ ಕ್ರಮ. ಯಂತ್ರವು ಅರ್ಹವಾಗಿದ್ದರೆ ಹೊಸ ವಿಂಡೋಸನ್ನು ಹಾಕಿಸಬಹುದು. ಇಲ್ಲವಾದರೆ, 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬವರು ಪ್ರಾರಂಭಿಸಿದ ಲಿನಕ್ಸ್ ಉಂಟು. ಅದನ್ನು ಆಧರಿಸಿದ ಡೆಬಿಯನ್, ಮಿಂಟ್ ಮೊದಲಾದವು ಬೆಲೆಯಿಲ್ಲದೆ ದೊರೆಯುತ್ತವೆ. ಹಳೆಯ ಯಂತ್ರಗಳಲ್ಲಿಯೂ ನಡೆಯುತ್ತವೆ. ಇದ್ದುದನ್ನು ಅಳಿಸುವ ಮುನ್ನ ಪೆನ್ ಡ್ರೈವಿನಿಂದಲೇ ನಡೆಸಿ ಪರೀಕ್ಷಿಸಲೂ ಬಹುದು. ಯಾವ ಮಾರ್ಗವನ್ನು ಹಿಡಿದರೂ ಕಡತಗಳ ಪ್ರತಿಯೊಂದನ್ನು ಮೊದಲು ಬೇರೆಡೆ ತೆಗೆದಿರಿಸಬೇಕು. ನಮ್ಮ ಅನೇಕ ಮನೆಗಳಲ್ಲಿ ಹಿಂದಿನ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡ ಬರಹಗಳಿವೆ. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವುದೇ ಮೊದಲ ಕೆಲಸವಾಗಲಿ.

ತಯಾರಕರಿಗೂ ಧರ್ಮವೊಂದುಂಟು. ಗಟ್ಟಿಯಾಗಿರುವ ಯಂತ್ರಗಳನ್ನು ನಿಯಮದ ಬಲದಿಂದ ನಿರುಪಯುಕ್ತಗೊಳಿಸುವವರು, ಅದರಿಂದ ಬಡ ಗೃಹಸ್ಥನಿಗೂ ಭೂಮಿಗೂ ಬೀಳುವ ಹೊರೆಯನ್ನು ವಿಚಾರಿಸಬೇಕಾದುದು ನ್ಯಾಯ. ಆದರೆ ಅವರು ತಮ್ಮ ಕರ್ತವ್ಯವನ್ನು ಮರೆತರೆಂಬ ಕಾರಣದಿಂದ ನಮ್ಮದು ತೀರಿತೆಂದು ಭಾವಿಸಲಾಗದು. ನಮ್ಮ ಮನೆಯಿಂದ ಹೊರಟ ಹಾನಿಯು ನೆರೆಯವನ ಬಾಗಿಲನ್ನು ತಟ್ಟದಂತೆ ನೋಡಿಕೊಂಡ ಮೇಲೆ, ಹಳೆಯದನ್ನು ಪ್ರೀತಿಯಿಂದ ಬಳಸುವುದರಲ್ಲಿ ಯಾವ ದೋಷವೂ ಇಲ್ಲ.