ಇಲ್ಲದ ಕೈಯ ನೋವು

ಹಗ್ಗವನ್ನು ಹಗ್ಗವೆಂದು ಕಂಡ ಕ್ಷಣ ಹಾವು ಇಲ್ಲವಾಗುತ್ತದೆ. ಓಡಿಸಲು ಕೋಲು ಬೇಡ, ಬೆಳಕು ಸಾಕು. ಶೃಂಗೇರಿಯಲ್ಲಿ ವೇದಾಂತ ಓದಿದ ಅಪ್ಪ ಇದನ್ನು ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಮುಂದೆ ಕೂರುವ ಕೆಲವರಿಗೆ ಹಗ್ಗ ಚೆನ್ನಾಗಿಯೇ ಕಾಣುತ್ತದೆ, ಆದರೂ ಹಾವು ಕಚ್ಚುತ್ತಲೇ ಇರುತ್ತದೆ.

ಆಲೆಮನೆಯ ಗಾಣಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡ ರೈತರೊಬ್ಬರು ಬರುತ್ತಿದ್ದರು. ಮೊಣಕೈಯಿಂದ ಕೆಳಗೆ ಏನೂ ಇಲ್ಲ, ಗಾಯವೂ ಮಾಗಿದೆ. ಆದರೆ ರಾತ್ರಿಯಾದರೆ ಆ ಇಲ್ಲದ ಕೈ ಮುಷ್ಟಿ ಬಿಗಿಯುತ್ತದೆ, ಉಗುರು ಅಂಗೈಗೆ ನಾಟುತ್ತದೆ, ಬಿಚ್ಚಲು ಬರುವುದಿಲ್ಲ. "ಕೈ ಇಲ್ಲ ಅಂತ ನಂಗೂ ಕಾಣುತ್ತಲ್ಲ ಮೇಡಂ, ಮತ್ತೆ ಮತ್ತೆ ಅದನ್ನೇ ಯಾಕೆ ಹೇಳ್ತಾರೆ?" ಎಂದು ಮನೆಯವರ ಬಗ್ಗೆ ನೊಂದುಕೊಂಡರು. ಅವರ ಮಾತು ನ್ಯಾಯವಾದದ್ದು.

ಇದಕ್ಕೆ ಕನ್ನಡಿ ಚಿಕಿತ್ಸೆ ಇದೆ. 1990ರ ದಶಕದಲ್ಲಿ ತಮಿಳುನಾಡು ಮೂಲದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅಮೆರಿಕದಲ್ಲಿ ತೋರಿಸಿಕೊಟ್ಟದ್ದು. ಎದೆಯ ನೇರಕ್ಕೆ ಕನ್ನಡಿ ನಿಲ್ಲಿಸಿ, ಮೊಂಡುಗೈಯನ್ನು ಅದರ ಹಿಂದಿಟ್ಟು, ಇರುವ ಕೈಯ ಬಿಂಬವನ್ನು ನೋಡುತ್ತಾ ಎರಡೂ ಮುಷ್ಟಿಗಳನ್ನು ಒಟ್ಟಿಗೆ ಬಿಚ್ಚಬೇಕು. ಬಿಚ್ಚು ಎಂದು ಮಿದುಳು ಕಳಿಸಿದ ಆಜ್ಞೆಗೆ ಬಿಚ್ಚಿದೆ ಎಂಬ ಮರುಸುದ್ದಿ ಬರದೆ ಮುಷ್ಟಿ ಬಿಗಿದೇ ಉಳಿಯುತ್ತದೆ, ಬಿಂಬ ಆ ಸುದ್ದಿ ತಲುಪಿಸುತ್ತದೆ ಎಂಬುದು ಅವರ ಊಹೆ. ಎಲ್ಲರಿಗೂ ಇದು ಒಗ್ಗುವುದಿಲ್ಲ, ಕೆಲವರಿಗೆ ನೋವು ಕೆರಳುತ್ತದೆ. ಅಂಥವರಿಗೆ ಮೊದಲು ಕೈಗಳ ಚಿತ್ರ ತೋರಿಸಿ ಎಡವೋ ಬಲವೋ ಹೇಳಿಸುವುದರಿಂದ ಶುರುಮಾಡುತ್ತೇವೆ.

ವೇದಾಂತಿ ಮಂಡನಮಿಶ್ರರು ನನಗೆ ನೆನಪಾಗುವುದು ಇಲ್ಲಿ. ದಿಕ್ಕು ತಪ್ಪಿದವನಿಗೆ ಪೂರ್ವ ಇದು ಎಂದು ನಂಬಿಕಸ್ಥರು ಹೇಳಿದ ಮೇಲೂ ಅದು ಪಶ್ಚಿಮವಾಗಿಯೇ ತೋರುತ್ತದೆ, ಹಳೆಯ ಸಂಸ್ಕಾರ ಮಾತಿನಿಂದ ಹೋಗುವುದಿಲ್ಲ, ಅದಕ್ಕೆ ಧ್ಯಾನದ ಅಭ್ಯಾಸ ಬೇಕು ಎಂದು ಬ್ರಹ್ಮಸಿದ್ಧಿಯಲ್ಲಿ ವಾದಿಸಿದವರು ಅವರು. ಶೃಂಗೇರಿ ಪರಂಪರೆ ಶಂಕರರ ನಂತರದ ಆಚಾರ್ಯರೆಂದು ನೆನೆಯುವ ಸುರೇಶ್ವರರು ನೈಷ್ಕರ್ಮ್ಯಸಿದ್ಧಿಯಲ್ಲಿ ಇದನ್ನು ಖಂಡಿಸಿದರು. ಅವರ ದೃಷ್ಟಾಂತದಲ್ಲಿ, ಹೊಳೆ ದಾಟಿದ ಹತ್ತು ಜನರಲ್ಲಿ ಎಣಿಸುವವನು ತನ್ನನ್ನೇ ಬಿಟ್ಟು ಎಣಿಸಿ, ಒಬ್ಬ ಕಳೆದುಹೋದನೆಂದು ಅಳುತ್ತಿದ್ದಾನೆ, ಹತ್ತನೆಯವನು ನೀನೇ ಎಂದರೆ ಸಾಕು, ಅಳು ನಿಲ್ಲುತ್ತದೆ. ಆ ಮಾತನ್ನು ಜಪಿಸುವುದು ಬೇಕಿಲ್ಲ.

ನೋವಿನ ಮಟ್ಟಿಗೆ ನಾನು ಮಂಡನರ ಕಡೆ. ಆದರೆ ಅವರ ಧ್ಯಾನವೂ ಇಲ್ಲಿ ಪೂರ್ತಿ ಸಾಲದು. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ, ದಿನಕ್ಕೆ 15 ನಿಮಿಷದಂತೆ 4 ವಾರ ಕನ್ನಡಿ ನೋಡಿದವರ ನೋವು ಇಳಿಯಿತು. ಕಣ್ಣು ಮುಚ್ಚಿ ಕಾಲಾಡಿಸಿದಂತೆ ಕಲ್ಪಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಇಳಿಯಲಿಲ್ಲ, ಕೆಲವರಿಗೆ ಏರಿತು. ಕೇಳಿದ್ದೂ ನೆನೆದದ್ದೂ ಸಾಲದೆ, ಕಾಣಬೇಕಾಯಿತು.

ಅಪ್ಪ ಒಪ್ಪುವುದಿಲ್ಲ. "ಸುರೇಶ್ವರರು ಹೇಳಿದ್ದು ಆತ್ಮದ ಅಜ್ಞಾನದ ವಿಚಾರ ಮಗಳೇ, ನರದ ನೋವಿನದ್ದಲ್ಲ. ಜ್ಞಾನಿಗೂ ಮೈನೋವು ತಪ್ಪದು, ಅದು ಪ್ರಾರಬ್ಧ" ಎನ್ನುತ್ತಾರೆ. ಆ ಭೇದ ಸರಿಯೇ. ಆದರೆ ಪ್ರಾರಬ್ಧವೆಂಬ ಮಾತು ಕಿವಿಗೆ ಬಿದ್ದದ್ದೇ ಸೆಟೆದ ಭುಜವನ್ನು ಹಾಗೇ ಬಿಟ್ಟು, ತಲೆ ಬಾಚಿಕೊಳ್ಳಲೂ ಆಗದೆ ಬರುವ ಅಜ್ಜಿಯರನ್ನು ನಾನು ನೋಡುತ್ತೇನೆ. ಬೆಲ್ಟು ಹಿಡಿದು ತೋಳೆತ್ತಿಸುವಾಗ ಅವರಿಗೆ ಆಗುವ ನೋವೂ ಪ್ರಾರಬ್ಧವಾದರೆ, ಎತ್ತುವ ಯತ್ನ ಯಾರದ್ದು?

ರೈತರು ಇನ್ನೊಂದು ಕೇಳಿದ್ದರು: "ಕನ್ನಡಿಯೊಳಗಿನ ಕೈ ಸುಳ್ಳು. ಸುಳ್ಳಿಂದ ನೋವು ಹೋಗೋದು ಹೆಂಗೆ?" ಅಪ್ಪನಿಗೆ ಹೇಳಿದಾಗ ಅವರ ಮುಖ ಅರಳಿತು. ಕನಸಿನ ಹುಲಿಯ ಗರ್ಜನೆಗೆ ನಿಜವಾಗಿಯೇ ಎಚ್ಚರವಾಗುವುದಿಲ್ಲವೇ ಎಂದರು. ಆಗುತ್ತದೆ. ಆದರೆ ಹುಲಿ ಒಮ್ಮೆ ಗರ್ಜಿಸಿದರೆ ಸಾಕು, ಕನ್ನಡಿಯನ್ನು ನಾವು ದಿನವೂ ಹಿಡಿಯಬೇಕು. ಸುಳ್ಳೆಂದು ತಿಳಿದೇ ನೋಡುವ ಬಿಂಬ ಮೊದಲ ದಿನವೇ ಏಕೆ ಪೂರ್ತಿ ಫಲ ಕೊಡುವುದಿಲ್ಲ ಎಂದು ಕೇಳಿದ್ದೇನೆ. ಆ ಚರ್ಚೆ ನಮ್ಮಿಬ್ಬರ ನಡುವೆ ಇನ್ನೂ ನಡೆಯುತ್ತಿದೆ.