ಅನ್ನಪಾನನಿರೋಧ: ಯುದ್ಧಕಾಲದ ಒಂದು ವಿಚಾರ

ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು ಎಂದು ವ್ಯಾಖ್ಯಾನಕಾರರು ಅರ್ಥ ಮಾಡಿದ್ದಾರೆ. ಕೊಂದರೆ ಅದು ಅತಿಚಾರವಾಗಿ ಉಳಿಯದೆ ವ್ರತಭಂಗವೇ ಆಗುತ್ತದೆ. ಐದನೆಯದನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರವಾರಣವೆಂದು ಕರೆದಿದ್ದಾರೆ. ನಮ್ಮ ಪ್ರವಚನಗಳಲ್ಲಿ ಇದಕ್ಕೆ ಕೊಡುವ ಉದಾಹರಣೆಗಳು ಮನೆ ಮತ್ತು ಕೊಟ್ಟಿಗೆಗೆ ಸೇರಿದವು. ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು, ಕೆಲಸದ ಆಳನ್ನು ಊಟದ ವೇಳೆ ಮೀರಿ ದುಡಿಸುವುದು. ಉದಾಹರಣೆ ಸಣ್ಣದಾದುದರಿಂದ ದೋಷವೂ ಸಣ್ಣದೆಂಬ ಭಾವನೆ ಶ್ರಾವಕರಲ್ಲಿ ಬೆಳೆದುಬಂದಿದೆ. ಅದು ಸರಿಯೇ ಎಂಬುದನ್ನು ಇಲ್ಲಿ ವಿಚಾರಮಾಡಬೇಕಾಗಿದೆ.

ಕೊಟ್ಟಿಗೆಯ ಹಸುವಿನ ವಿಷಯದಲ್ಲಿ ದೋಷವು ಎಲ್ಲಿಂದ ಹುಟ್ಟುತ್ತದೆ? ಕಾಡಿನ ಜಿಂಕೆಗೆ ನಾವು ಹುಲ್ಲು ಹಾಕದಿದ್ದರೆ ಅತಿಚಾರವೆನ್ನುವವರಿಲ್ಲ. ಹಸುವನ್ನು ಗೂಟಕ್ಕೆ ಕಟ್ಟಿದವರು ನಾವು. ಕಟ್ಟಿದ ಮೇಲೆ ಅದರ ಆಹಾರ ನಮ್ಮ ಕೈಯಲ್ಲಿದೆ. ಹೀಗೆ ಕೈವಶವಾದ ಅನ್ನವನ್ನು ತಡೆಹಿಡಿಯುವುದೇ ನಿರೋಧ. ಇಂದಿನ ಲೋಕದಲ್ಲಿ ಒಂದು ರಾಷ್ಟ್ರದ ಅನ್ನವು ಮತ್ತೊಂದು ರಾಷ್ಟ್ರದ ಕೈವಶವಾಗಿರುವುದು ಅಪರೂಪವೇನಲ್ಲ. ಯುದ್ಧ ಬಂದಾಗ ಆ ಗೂಟ ಕಣ್ಣಿಗೆ ಕಾಣುತ್ತದೆ.

2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯುದ್ಧಕ್ಕೆ ಮುಂಚೆ ಇವೆರಡು ದೇಶಗಳು ಸೇರಿ ಲೋಕದ ಗೋಧಿ ರಫ್ತಿನ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒದಗಿಸುತ್ತಿದ್ದವು. ಸೊಮಾಲಿಯಾ ತನ್ನ ಗೋಧಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಇವರಿಂದಲೇ ತರಿಸುತ್ತಿತ್ತು. ಬರಗಾಲದ ನಾಡುಗಳಿಗೆ ಅನ್ನ ಒಯ್ಯುವ ವಿಶ್ವ ಆಹಾರ ಕಾರ್ಯಕ್ರಮವು 2021ರಲ್ಲಿ ತಾನು ಕೊಂಡ ಗೋಧಿಯ ಅರ್ಧಕ್ಕೂ ಮಿಕ್ಕಿ ಯುಕ್ರೇನಿನಿಂದ ಪಡೆದಿತ್ತು. ರಷ್ಯಾದ ನೌಕಾಪಡೆ ಕಪ್ಪು ಸಮುದ್ರದ ದಾರಿಯನ್ನು ಮುಚ್ಚಿತು. ಒಡೆಸಾ ಮುಂತಾದ ಬಂದರುಗಳನ್ನು ಕಾಪಾಡಿಕೊಳ್ಳಲು ಯುಕ್ರೇನ್ ತಾನೇ ನೀರಿನಲ್ಲಿ ಸ್ಫೋಟಕ ಮೈನುಗಳನ್ನಿಟ್ಟಿತು. ಹಡಗುಗಳಿಗೆ ವಿಮೆ ಸಿಗುವುದು ದುಸ್ತರವಾಯಿತು. ಎರಡು ಕೋಟಿ ಟನ್ನಿಗಿಂತ ಹೆಚ್ಚು ಧಾನ್ಯ ಉಗ್ರಾಣಗಳಲ್ಲೇ ಉಳಿಯಿತು. ಮಾರ್ಚ್ ತಿಂಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಲೆ ಸೂಚ್ಯಂಕವು 1990ರಲ್ಲಿ ಲೆಕ್ಕ ಆರಂಭವಾದಂದಿನಿಂದ ಕಾಣದ ಎತ್ತರಕ್ಕೆ ಏರಿತು. ನಮ್ಮ ಅಡುಗೆಮನೆಗಳಿಗೂ ಇದರ ಬಿಸಿ ತಟ್ಟಿದ್ದನ್ನು ಓದುಗರು ಮರೆತಿರಲಾರರು. ಭಾರತ ತರಿಸುವ ಸೂರ್ಯಕಾಂತಿ ಎಣ್ಣೆಯ ಬಹುಭಾಗ ಆಗ ಯುಕ್ರೇನಿನಿಂದಲೇ ಬರುತ್ತಿತ್ತು. ನಮಗೆ ಅದು ಖರ್ಚಿನ ಪ್ರಶ್ನೆ. ಮೊಗಾದಿಶುವಿನ ತಾಯಿಗೆ ಅದು ಮಗುವಿನ ಊಟದ ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಬಂದರು ಮುಚ್ಚಿದ ಸೇನಾಧಿಪತಿಗೆ ಸೊಮಾಲಿಯಾದ ಮೇಲೆ ದ್ವೇಷವಿಲ್ಲ. ಸಂಕಲ್ಪವಿಲ್ಲದೆ ಹಿಂಸೆ ಎಲ್ಲಿಯದು? ಹಿಂಸೆಯ ಮೂಲ ಭಾವದಲ್ಲಿದೆಯೆಂದು ನಮ್ಮ ಆಚಾರ್ಯರೇ ಹೇಳಿಲ್ಲವೇ? ಹೇಳಿದ್ದಾರೆ, ಆದರೆ ಅವರು ಭಾವವೆಂದದ್ದು ದ್ವೇಷವನ್ನು ಮಾತ್ರವಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣದಲ್ಲಿ ಮುಂದಿಟ್ಟ ಮಾತು ಪ್ರಮಾದ. ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಜೀವವೊಂದು ಸಿಕ್ಕರೆ ಆತನಿಗೆ ದೋಷವಿಲ್ಲ. ನೋಡದೆ ನಡೆದವನಿಗೆ, ಜೀವ ಸಾಯದಿದ್ದರೂ, ದೋಷವುಂಟು. ಯಾರ ತಟ್ಟೆಗೆ ಯಾವ ಬಂದರಿನ ಗೋಧಿ ಹೋಗುತ್ತದೆಂಬುದು ಇಂದು ಅಂಕಿ ಅಂಶಗಳಲ್ಲಿ ಬಹಿರಂಗವಾಗಿದೆ. ತಿಳಿದೂ ಲೆಕ್ಕಿಸದಿರುವುದು ಬರಿಯ ಪ್ರಮಾದಕ್ಕಿಂತ ಕೆಳಗಿನ ಸ್ಥಿತಿಯೆಂದೇ ನನ್ನ ಅಭಿಪ್ರಾಯ. ತನ್ನ ನೆಲವನ್ನು ಕಾಯಲು ಹೋರಾಡುವವನದು ವಿರೋಧಿ ಹಿಂಸೆ, ಗೃಹಸ್ಥನಿಗೆ ಅದನ್ನು ಪೂರ್ಣ ಬಿಡಲಾಗದು; ಆದುದರಿಂದ ಮೈನುಗಳನ್ನಿಟ್ಟವರನ್ನೂ ದಂಡೆತ್ತಿ ಬಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಲೌಕಿಕ ಕಾನೂನು ಕೂಡ ಇಷ್ಟು ದೂರ ಬಂದಿದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ವಿಧಿಗಳು ನಾಗರಿಕರನ್ನು ಹಸಿವಿಗೆ ಕೆಡಹುವ ಯುದ್ಧತಂತ್ರವನ್ನು ನಿಷೇಧಿಸಿದವು; 2018ರಲ್ಲಿ ಭದ್ರತಾ ಮಂಡಳಿ ಅದನ್ನು ಮತ್ತೆ ಖಂಡಿಸಿತು. (ಪತ್ರಿಕೆಗಳು ಇಂಥ ಸಂದರ್ಭದಲ್ಲಿ 'ಉಪವಾಸ'ವೆಂದು ಬರೆಯುವುದು ತಪ್ಪು. ತಾನಾಗಿ ಬಿಟ್ಟದ್ದು ಉಪವಾಸ. ತಟ್ಟೆ ಕಸಿದುಕೊಂಡದ್ದಕ್ಕೆ ಆ ಪವಿತ್ರ ಹೆಸರು ಸಲ್ಲದು.) ಆದರೆ ಈ ವಿಧಿಗಳ ದೃಷ್ಟಿ ಮುಖ್ಯವಾಗಿ ಯುದ್ಧ ನಡೆಯುವ ನೆಲದ ಜನರ ಮೇಲೆ. ಸಾವಿರಾರು ಮೈಲಿಗಳಾಚೆ ಒಲೆ ಹೊತ್ತದಿದ್ದರೆ ಕೇಳುವವರಿಲ್ಲ.

2022ರ ಜುಲೈ 22ರಂದು ವಿಶ್ವಸಂಸ್ಥೆ ಮತ್ತು ತುರ್ಕಿಯ ಮಧ್ಯಸ್ಥಿಕೆಯಲ್ಲಿ ಇಸ್ತಾಂಬುಲ್‌ನಲ್ಲಿ ಒಪ್ಪಂದವಾಗಿ, ಮೂರು ಬಂದರುಗಳು ತೆರೆದವು. ಮುಂದಿನ ಜುಲೈ 17ರಂದು ರಷ್ಯಾ ಹಿಂದೆಗೆಯುವವರೆಗೆ ಸುಮಾರು 3.3 ಕೋಟಿ ಟನ್ ಧಾನ್ಯ ಮತ್ತಿತರ ಆಹಾರ ಪದಾರ್ಥ ಹೊರಬಂದಿತು. ಇದರಲ್ಲಿ ಅತಿ ಹೆಚ್ಚು ಪಾಲು ಪಡೆದ ದೇಶ ಚೀನಾ. ಸ್ಪೇನ್ ಕೂಡ ಬಹಳಷ್ಟನ್ನು ಕೊಂಡಿತು. ವಿಶ್ವ ಆಹಾರ ಕಾರ್ಯಕ್ರಮದ ಹಡಗುಗಳಲ್ಲಿ ಹೋದದ್ದು ಏಳೂಕಾಲು ಲಕ್ಷ ಟನ್ ಮಾತ್ರ. ಇದನ್ನು ತೋರಿಸಿ, ಬಡವರ ಹೆಸರಿನಲ್ಲಿ ಸಿರಿವಂತರು ಉಂಡರೆಂದು ಟೀಕಿಸಿದವರಿದ್ದಾರೆ. ಟೀಕೆಯಲ್ಲಿ ಸತ್ಯಾಂಶವಿದ್ದರೂ ಅದು ಅರ್ಧ ಸತ್ಯ. ಧಾನ್ಯದ ಪೇಟೆ ಲೋಕಕ್ಕೆಲ್ಲ ಒಂದೇ ಕೆರೆಯಿದ್ದಂತೆ. ಸ್ಪೇನಿನ ಹಂದಿ ಸಾಕುವವನಿಗೆ ಯುಕ್ರೇನಿನ ಜೋಳ ಸಿಗದಿದ್ದರೆ ಅವನು ಸುಮ್ಮನಿರುವುದಿಲ್ಲ, ಬೇರೆ ಕಡೆ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾನೆ. ಆಗ ಕೊಳ್ಳಲಾರದೆ ಹಿಂದೆ ಸರಿಯುವವನು ಬಡವ. ಮನುಷ್ಯರಿಗಿಂತ ಮೊದಲು, ಕೊಲ್ಲುವುದಕ್ಕೆಂದೇ ಸಾಕಿದ ಪಶುಗಳಿಗೆ ಧಾನ್ಯ ಸಲ್ಲುವ ಈ ವ್ಯವಸ್ಥೆಯ ಬಗ್ಗೆ ಜೈನರು ಹೇಳಬೇಕಾದುದು ಬಹಳವಿದೆ; ಅದು ಬೇರೆ ಲೇಖನದ ವಿಷಯ.

ಹಸಿವು ಧಾನ್ಯದ ಅಭಾವದಿಂದ ಮಾತ್ರ ಬರುವುದಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲೇ ಘೋರ ನಿದರ್ಶನವಿದೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಬಂಗಾಳದ ಕರಾವಳಿಯಿಂದ ಅಕ್ಕಿಯನ್ನು ತೆಗೆಸಿತು, ದೋಣಿಗಳನ್ನು ಕಿತ್ತುಕೊಂಡಿತು ಇಲ್ಲವೆ ನಾಶಮಾಡಿತು. ಪ್ರಾಂತಗಳು ತಮ್ಮ ಧಾನ್ಯ ಹೊರಗೆ ಹೋಗದಂತೆ ಗಡಿ ಕಟ್ಟಿದವು. 1943ರ ಆ ಕ್ಷಾಮದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ತರೆಂದು ಅಂದಾಜು. ಆ ವರ್ಷದ ಧಾನ್ಯ ಹಿಂದಿನ ವರ್ಷಗಳಿಗಿಂತ ಅಷ್ಟೇನೂ ಕಡಿಮೆಯಿರಲಿಲ್ಲ, ಕೂಲಿಕಾರರಿಗೂ ಬೆಸ್ತರಿಗೂ ಕೊಳ್ಳುವ ಶಕ್ತಿ ಹೋಯಿತು ಎಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಗಡಿ ಕಟ್ಟಿದ ಪ್ರತಿಯೊಂದು ಪ್ರಾಂತವೂ ತನ್ನವರನ್ನು ಕಾಪಾಡುತ್ತಿದ್ದೇನೆಂದೇ ನಂಬಿತ್ತು.

ಹೀಗಿರಲಾಗಿ ನಮ್ಮ ಕಾಲದ ರಫ್ತು ನಿಷೇಧಗಳನ್ನು ಹೇಗೆ ಎಣಿಸಬೇಕು? 2022ರ ಮೇ 13ರಂದು ಭಾರತ ಗೋಧಿ ರಫ್ತನ್ನು ನಿಲ್ಲಿಸಿತು. ಮಾರ್ಚಿಯ ಬಿಸಿಗಾಳಿಗೆ ಪೈರು ಬಾಡಿತ್ತು. ಹಿಂದಿನ ವರ್ಷ 433 ಲಕ್ಷ ಟನ್ ಆಗಿದ್ದ ಸರ್ಕಾರಿ ಖರೀದಿ ಸುಮಾರು 188 ಲಕ್ಷಕ್ಕೆ ಇಳಿಯಿತು. ಎಂಬತ್ತು ಕೋಟಿ ಜನರ ಪಡಿತರದ ಹೊಣೆ ಹೊತ್ತವರು ಮೊದಲು ಮನೆಯ ಮಡಕೆಯನ್ನು ನೋಡಿಕೊಂಡರೆ ಅದನ್ನು ನಿರೋಧವೆನ್ನಲಾಗದು. ಕೇಳಿಬಂದ ದೇಶಗಳಿಗೆ ಸರ್ಕಾರದ ಮೂಲಕ ಕೊಡಲು ಆ ಆಜ್ಞೆಯಲ್ಲಿ ಬಾಗಿಲೊಂದನ್ನು ತೆರೆದಿಟ್ಟದ್ದು ಧರ್ಮಕ್ಕೆ ಒಪ್ಪುವ ಮಾತು. 2023ರ ಜುಲೈ 20ರ ಅಕ್ಕಿಯ ನಿಷೇಧದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಲೋಕದ ಅಕ್ಕಿ ರಫ್ತಿನ ಐದರಲ್ಲಿ ಎರಡು ಪಾಲು ನಮ್ಮದು. ಸೆನೆಗಲ್, ಬೆನಿನ್‌ಗಳಂಥ ನಾಡುಗಳು ನಮ್ಮನ್ನು ನಂಬಿದ್ದವು. ಮಳೆಯ ಭಯ, ಬೆಲೆಯೇರಿಕೆಯ ಕಾರಣಗಳಿದ್ದರೂ ಗೋದಾಮುಗಳಲ್ಲಿ ಅಕ್ಕಿಯ ದಾಸ್ತಾನು ಆಪತ್ಕಾಲಕ್ಕೆಂದು ಗೊತ್ತುಪಡಿಸಿದ ಮಟ್ಟಕ್ಕಿಂತ ಬಹಳ ಮೇಲಿತ್ತು. ಕಪ್ಪು ಸಮುದ್ರದ ಒಪ್ಪಂದ ಮುರಿದು ಆಗಿನ್ನೂ ಮೂರು ದಿನ. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆರವಾಯಿತು.

ರಾಜ್ಯಗಳ ಮಾತು ಸಾಕು. ನಮ್ಮ ಸಮಾಜದ ಅನೇಕ ಕುಟುಂಬಗಳು ಧಾನ್ಯದ ವ್ಯಾಪಾರದಲ್ಲಿವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂಬುದೊಂದಿದೆ. ಕಲಹಕ್ಕೆ ಸಿಕ್ಕಿದ ರಾಜ್ಯದಲ್ಲಿ ಬೆಲೆಬಾಳುವ ವಸ್ತುಗಳನ್ನು ಅಲ್ಪಬೆಲೆಗೆ ಪಡೆಯಲು ಯತ್ನಿಸುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತಾರೆ. ಪರರ ಯುದ್ಧವನ್ನು ಲಾಭದ ಸಮಯವೆಂದು ಎಣಿಸುವುದನ್ನು ಅವರು ಕಳ್ಳತನದ ಸಾಲಿನಲ್ಲಿಟ್ಟರು. ಪರಿಗ್ರಹಪರಿಮಾಣಕ್ಕೆ ಸಮಂತಭದ್ರರು ಹೇಳಿದ ದೋಷಗಳಲ್ಲಿ ಅತಿಸಂಗ್ರಹವೂ ಒಂದು. ಹಾಗಾದರೆ ವ್ಯಾಪಾರಿ ದಾಸ್ತಾನನ್ನೇ ಇಡಬಾರದೇ? ಸುಗ್ಗಿಯಲ್ಲಿ ಕೊಂಡು ಮಳೆಗಾಲದವರೆಗೆ ಹುಳು ತಾಗದಂತೆ ಕಾದಿಟ್ಟು ಮಾರುವವನು ಊರಿಗೆ ಉಪಕಾರಿ. ಅವನಿಲ್ಲದಿದ್ದರೆ ಆಷಾಢದಲ್ಲಿ ಅಂಗಡಿಗಳು ಬರಿದಾದಾವು. ವ್ಯತ್ಯಾಸವು ಮೂಟೆಗಳ ಸಂಖ್ಯೆಯಲ್ಲಿಲ್ಲ. ಯುದ್ಧದ ಸುದ್ದಿ ಬಂದ ದಿನ, ಎಂದಿನ ಗಿರಾಕಿ ಎಂದಿನ ಮೂರು ಮೂಟೆ ಕೇಳಿದಾಗ, ಮಾಲಿಲ್ಲವೆಂದು ಗುಮಾಸ್ತನ ಬಾಯಲ್ಲಿ ಹೇಳಿಸುತ್ತೇವೆಯೇ ಇಲ್ಲವೇ ಎಂಬುದರಲ್ಲಿದೆ. 2023ರ ಜೂನಿನಲ್ಲಿ ಸರ್ಕಾರ ಸಗಟು ವ್ಯಾಪಾರಿಯ ಗೋಧಿ ದಾಸ್ತಾನಿಗೆ 3,000 ಟನ್ನಿನ ಮಿತಿ ಹಾಕಿತು. ಅದಕ್ಕಿಂತ ಒಂದು ಮೂಟೆ ಕಡಿಮೆಯಿಟ್ಟು ಬಾಗಿಲು ಹಾಕಿಕೊಂಡವನು ಕಾನೂನಿನ ಮುಂದೆ ನಿರ್ದೋಷಿ. ಪರ್ಯೂಷಣದ ಪ್ರತಿಕ್ರಮಣದಲ್ಲಿ ಅವನು ಆ ಲೆಕ್ಕವನ್ನು ಯಾವ ಅತಿಚಾರದ ಕೆಳಗೆ ಬರೆಯುತ್ತಾನೋ ಅವನೇ ಬಲ್ಲ.